ಬೆನ್ನು ತೋರಿದಾಗ ಸುಮ್ಮನಿರಬೇಕು

ನಾನು ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ಬಂಧುಗಳು ಯಾರಾದರೂ ಕೇಳಿದರೆ ಅಮ್ಮ, "ಆಫೀಸಿನ್ಯಾಗ ಇದ್ದಾಳ" ಎಂದು ಮಾತು ಮುಗಿಸುತ್ತಿದ್ದಳು. ಅದು ಸುಳ್ಳೇನಲ್ಲ. ಬಾಗಲಕೋಟೆಯ ನವನಗರದಲ್ಲಿ, ಔಷಧದ ಅಂಗಡಿಯೊಂದರ ಮೇಲೆ, ನಮ್ಮ ಆಫೀಸಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಚಿತ್ರಮಂದಿರಗಳಿಗೆ ಯಾವ ವಾರ ಯಾವ ಸಿನಿಮಾ ಹೋಗಬೇಕೆಂದು ಅಲ್ಲಿಂದ ಗೊತ್ತುಮಾಡುತ್ತಿದ್ದರು. ಅದರಲ್ಲಿ ಅನಿಮೇಶನ್ ಸಿನಿಮಾಗಳು ನನ್ನ ಪಾಲಿಗೆ ಬಂದಿದ್ದವು. ಬಿಡುಗಡೆಗೆ ಮುಂಚೆ ನಡೆಯುವ ಪ್ರದರ್ಶನದಲ್ಲಿ ಅವನ್ನು ನೋಡಿ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಿ, ಚಿತ್ರಮಂದಿರದ ಮಾಲೀಕರಿಗೆ ಒಂದು ಪುಟ ಬರೆದುಕೊಡಬೇಕು. ಅದನ್ನೋದಿ ಅವರು ರಜೆಗೆ ಯಾವುದನ್ನು ತರಿಸಬೇಕೆಂದು ತೀರ್ಮಾನಿಸುತ್ತಿದ್ದರು.

ಈಗ ಆ ಕೆಲಸ ಬಿಟ್ಟಿದ್ದೇನೆ. ನಿವೃತ್ತಿ ಎಂಬ ಮಾತಿಗೆ ನನ್ನ ವಯಸ್ಸು ಒಪ್ಪುವುದಿಲ್ಲ. ಆದರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಬೇರೆ ಪದ ಹೊಳೆಯುತ್ತಿಲ್ಲ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿ, "ಅಕ್ಕಾ, ಸಿನಿಮಾದಾಗ ಏನ್ ನೋಡಬೇಕ್ರಿ?" ಎಂದು ಕೇಳಿದಳು. ಫೋನಿನಲ್ಲಿ ನಾನು ಚೆನ್ನಾಗಿ ಮಾತಾಡುವವಳಲ್ಲ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಆಫೀಸಿನ ಯಜಮಾನರು ಜೋಶಿ ಸರ್. ಅವರ ಮನೆಯಲ್ಲಿ ತಲೆಮಾರುಗಳಿಂದ ಓದು, ಪಾಠ, ಪಂಚಾಂಗ. ಅವರೊಬ್ಬರು ಮಾತ್ರ ಸಿನಿಮಾಕ್ಕೆ ಬಂದವರು, ಆ ಬಗ್ಗೆ ಅವರಿಗೆ ಸಣ್ಣ ಹೆಮ್ಮೆಯೂ ಸಣ್ಣ ನಾಚಿಕೆಯೂ ಇತ್ತು. ಮೊದಲ ದಿನ ನನಗೆ ಹೇಳಿದ್ದು ಇಷ್ಟು: "ನೋಡವಾ, ಗೊಂಬಿ ಸಿನಿಮಾ ಎಲ್ಲಾ ಒಂದ ತರಾ ಇರ್ತಾವ. ಒಂದು ಪ್ರಾಣಿ ಕಳಕೋತದ, ಕಡೀಕ ಸಿಗ್ತದ. ಯಾವುದರಾಗ ಹಾಡು ಜಾಸ್ತಿ ಅದಾವ ಅಷ್ಟ ಬರದು ಬಿಡು." ಬೆಳಗಿನ ಆಟಕ್ಕೆ ಮುಂಚೆ ಬಾಗಲಕೋಟೆಯ ಚಿತ್ರಮಂದಿರವೊಂದರಲ್ಲಿ ನಮಗಾಗಿ ಪ್ರದರ್ಶನ ಇಡುತ್ತಿದ್ದರು. ಜೋಶಿ ಸರ್ ಸ್ವಲ್ಪ ಹೊತ್ತು ಕೂತು, ಚಹಾಕ್ಕೆ ಎದ್ದು ಹೋಗಿ, ಪ್ರಾಣಿ ಸಿಗುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಅದನ್ನು ನೋಡಿ ನನಗೆ ಅವರ ಮಾತೇ ನಿಜವಿರಬಹುದು ಎನಿಸುತ್ತಿತ್ತು.

ಎರಡು ಸಿನಿಮಾಗಳನ್ನು ಹೋಲಿಸುವಾಗ ಹೊಸಬರೆಲ್ಲ ಮೊದಲು ಕೂದಲಿನ ಬಗ್ಗೆ ಬರೆಯುತ್ತಾರೆ. ನಾನೂ ಬರೆದೆ. ಈಚಿನ ಚಿತ್ರಗಳಲ್ಲಿ ಕೂದಲು, ತುಪ್ಪಳ, ನೀರು, ಮಳೆ ನಿಜಕ್ಕಿಂತ ನಿಜವಾಗಿ ಕಾಣುತ್ತವೆ. ಒಂದರಲ್ಲಿ ಚೆನ್ನಾಗಿದೆ, ಇನ್ನೊಂದರಲ್ಲಿ ಇನ್ನೂ ಚೆನ್ನಾಗಿದೆ ಎಂದು ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ಕೆಲವು ತಿಂಗಳಾದ ಮೇಲೆ ನಾನೊಂದು ದಾರಿ ಕಂಡುಕೊಂಡೆ. ಎರಡೂ ಚಿತ್ರಗಳಲ್ಲಿ ಇರುವ ಒಂದೇ ಸಂಗತಿಯನ್ನು ಎತ್ತಿಕೊಳ್ಳುವುದು. ಇದರಲ್ಲಿ ಹಸಿವನ್ನು ಹೇಗೆ ತೋರಿಸಿದ್ದಾರೆ, ಅದರಲ್ಲಿ ಹೇಗೆ? ಇದರಲ್ಲಿ ಇಬ್ಬರು ಅಗಲುವಾಗ ಏನು ನಡೆಯುತ್ತದೆ, ಅದರಲ್ಲಿ ಏನು? ಇಷ್ಟನ್ನು ನೋಡಿದರೆ ಎರಡು ಚಿತ್ರಗಳ ಗುಣ ಬೇರೆಬೇರೆಯಾಗಿ ನಿಲ್ಲುತ್ತದೆ. ಕೂದಲು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಆದರೆ ಸಿನಿಮಾವನ್ನು ಸಿನಿಮಾದ ಜೊತೆ ಹೋಲಿಸಿದರೆ ಸಾಲದು, ಊರಿನ ಜೊತೆಗೂ ಹೋಲಿಸಬೇಕು. ಇದನ್ನು ನನಗೆ ಕಲಿಸಿದ್ದು ಬಾದಾಮಿ. ಒಂದು ರಜೆಗೆ ಎರಡು ಚಿತ್ರ ಬಂದವು: ಒಂದರಲ್ಲಿ ಪೆಂಗ್ವಿನ್‌ಗಳು, ಇನ್ನೊಂದರಲ್ಲಿ ಕಳ್ಳ ಕೋತಿ ಮತ್ತು ಅವನ ಸಂಸಾರ. ಕೋತಿಯ ಚಿತ್ರ ಎಲ್ಲ ರೀತಿಯಿಂದಲೂ ಮೇಲಾಗಿತ್ತು. "ನೋಡಿದವರು ಈ ಕಳ್ಳನನ್ನು ಮನೆಗೆ ಕರೆದೊಯ್ಯಬೇಕೆನ್ನುತ್ತಾರೆ" ಎಂದು ಬರೆದು ಕಳಿಸಿದೆ. ಮೊದಲ ಆಟ ಮುಗಿದ ಕೂಡಲೇ ಬಾದಾಮಿಯ ಮಾಲೀಕರ ಫೋನು.

"ಮೇಡಂ, ನೀವು ಎಂದಾರ ಬಾದಾಮಿಗೆ ಬಂದೀರೇನ್ರಿ?"

"ಬಂದೀನ್ರಿ."

"ಬಂದಿದ್ರ ಹಿಂಗ ಬರೀತಿದ್ದಿಲ್ಲ. ಮಾಳಿಗಿ ಮ್ಯಾಲ ಮಂಗ್ಯಾ, ಬಸ್‌ಸ್ಟ್ಯಾಂಡಿನ್ಯಾಗ ಮಂಗ್ಯಾ, ಅಡಗಿ ಮನ್ಯಾಗ ಮಂಗ್ಯಾ. ರೊಕ್ಕಾ ಕೊಟ್ಟು ಒಳಗ ಬಂದ್ರ ತೆರಿ ಮ್ಯಾಲೂ ಮಂಗ್ಯಾ ಕುಂತೈತಿ. ಆ ಮಂಗ್ಯಾ ರೊಟ್ಟಿ ಕದ್ದಾಗ ಹುಡುಗ್ರು ನಗಲಿಲ್ರಿ, ಕಲ್ಲು ಹುಡುಕ್ಯಾವು."

ಪೆಂಗ್ವಿನ್ ಬಾದಾಮಿಗೆ ಹೋಯಿತು. ಕೋತಿ ಹುನಗುಂದಕ್ಕೆ ಹೋಗಿ ಅಲ್ಲಿ ಎಲ್ಲರಿಗೂ ಪ್ರಿಯವಾಯಿತು. ಹುನಗುಂದಕ್ಕೆ ಇನ್ನೊಂದು ಬೇಡಿಕೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ: ಮರೋಳ ಕಡೆಯ ಬಸ್ಸು ಹೊರಡುವ ಮೊದಲು ಸಿನಿಮಾ ಮುಗಿಯಬೇಕು. ಇಲ್ಲವಾದರೆ ಆ ಹಳ್ಳಿಗಳ ತಾಯಂದಿರು ಪ್ರಾಣಿ ಸಿಗುವ ಮೊದಲೇ ಮಕ್ಕಳನ್ನು ಎಬ್ಬಿಸಿಕೊಂಡು ನಡೆದುಬಿಡುತ್ತಿದ್ದರು, ಆ ಮಕ್ಕಳು ದಾರಿಯುದ್ದಕ್ಕೂ ಅಳುತ್ತಿದ್ದವು.

ಇನ್ನು ಇಳಕಲ್ಲು. ನಿಜವಾಗಿ ಹೇಳಬೇಕಾದದ್ದು ಅದೇ.

ಇಳಕಲ್ಲಿನ ಚಿತ್ರಮಂದಿರ ಇಮಾಮಸಾಬರದು. ಅವರ ಹಿರಿಯರು ಸೀರೆಯ ವ್ಯಾಪಾರ ಮಾಡಿದವರು. ಅವರ ಅಕ್ಕ ರಜಿಯಾ ಅದೇ ಊರಿನ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಿಯಾದವರು, ಮದುವೆಯಾದವರಲ್ಲ. ರವಿವಾರ ಬೆಳಿಗ್ಗೆ ಮಕ್ಕಳ ಆಟ ಇರುತ್ತಿತ್ತು. ಬರುತ್ತಿದ್ದ ಚಿತ್ರಗಳೆಲ್ಲ ಹಿಂದಿಯಲ್ಲಿ. ದೊಡ್ಡ ಹುಡುಗರಿಗೆ ಹೇಗೋ ತಿಳಿಯುತ್ತಿತ್ತು, ಚಿಕ್ಕವರಿಗೆ ಇಲ್ಲ. ಅವರು ಕುರ್ಚಿಗಳ ನಡುವೆ ಓಡಾಡುತ್ತಿದ್ದರು. ಒಂದು ರವಿವಾರ ರಜಿಯಾ ಟೀಚರ್ ತಡೆಯಲಾಗದೆ ಎದ್ದು ನಿಂತು, ತೆರೆಯ ಮೇಲಿನ ಆಮೆ ಏನು ಹೇಳುತ್ತಿದೆ ಎಂಬುದನ್ನು ತರಗತಿಯ ದನಿಯಲ್ಲಿ ಕನ್ನಡದಲ್ಲಿ ಹೇಳಿದರಂತೆ. ಓಡುತ್ತಿದ್ದವರು ಕೂತರು. ಮುಂದಿನ ವಾರ ಇಮಾಮಸಾಬರು ಅಕ್ಕನ ಕೈಗೆ ಒಂದು ಮೈಕ್ ಕೊಟ್ಟರು. ಅದುವರೆಗೆ ಆ ಮೈಕು ದಾರಿಗೆ ಅಡ್ಡ ನಿಲ್ಲಿಸಿದ ಮೋಟರ್‌ಸೈಕಲ್ಲಿನ ನಂಬರ್ ಕೂಗಲು ಇದ್ದದ್ದು.

ನಾನು ಮೊದಲ ಸಲ ಅದನ್ನು ಕೇಳಿದ್ದು ಹಿಂದಿನ ಸಾಲಿನಲ್ಲಿ ಕೂತು. ಹಿಂದಿಯ ಮಾತು ಸಣ್ಣಗೆ ಬರುತ್ತಿತ್ತು, ಅದರ ಮೇಲೆ ಟೀಚರ ದನಿ. ಎಲ್ಲವನ್ನೂ ಹೇಳುತ್ತಿರಲಿಲ್ಲ, ಹತ್ತು ಮಾತಿಗೆ ಎರಡು. ರಾಜನ ಠೀವಿಯ ನರಿಯೊಂದು ಉದ್ದ ಭಾಷಣ ಬಿಗಿದಾಗ ಅವರು ಹೇಳಿದ್ದು, "ಏನಿಲ್ಲ, ತಾನ ಶಾಣ್ಯಾ ಅಂತ ಹೇಳಾಕತ್ತಾನ." ಇಡೀ ಮಂದಿರ ನಕ್ಕಿತು.

ಮುಂಚೆ ನೋಡಿರದೆ ಹಾಗೆ ಹೇಳಲಾಗುವುದಿಲ್ಲ. ಅದಕ್ಕಾಗಿ ಟೀಚರ್ ನಮ್ಮ ಪ್ರದರ್ಶನಕ್ಕೆ ಬರತೊಡಗಿದರು. ಇಳಕಲ್ಲಿನಿಂದ ಬೆಳಗಿನ ಬಸ್ಸು ಹಿಡಿದು, ಅಮೀನಗಡದಲ್ಲಿ ಕರದಂಟು ಕೊಂಡು, ನನ್ನ ಪಕ್ಕದ ಕುರ್ಚಿಗೆ. ನಾವಿಬ್ಬರೂ ಹೆಚ್ಚು ಮಾತಿನವರಲ್ಲದ ಕಾರಣ ಚೆನ್ನಾಗಿ ಹೊಂದಿತು. ಜೋಶಿ ಸರ್ ಚಹಾಕ್ಕೆ ಎದ್ದಾಗ ಅವರು ಕರದಂಟಿನ ಪೊಟ್ಟಣ ಬಿಚ್ಚುತ್ತಿದ್ದರು.

ಒಮ್ಮೆ ಕೇಳಿದೆ, "ಯಾವಾಗ ಹೇಳಬೇಕು, ಯಾವಾಗ ಬಿಡಬೇಕು, ಹೆಂಗ ಗೊತ್ತಾಗ್ತದ್ರಿ ಟೀಚರ್?"

"ಬಾಯಿ ಕಂಡಾಗ ಹೇಳಬೇಕು," ಎಂದರು. "ಬೆನ್ನ ತೋರಿದಾಗ ಸುಮ್ಮನಿರಬೇಕು. ಸಾಲ್ಯಾಗೂ ಹಂಗ. ಹುಡುಗ ಗ್ವಾಡಿ ಕಡೆ ಮಾರಿ ಮಾಡಿ ನಿಂತಾನ ಅಂದ್ರ ಏನೂ ಕೇಳಬಾರದು. ತಾನ ತಿರುಗ್ತಾನ."

ಆ ಮಾತಿನ ನಂತರ ನನ್ನ ಹೋಲಿಕೆಯ ರೀತಿ ಬದಲಾಯಿತು. ಚಿತ್ರ ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ನೋಡತೊಡಗಿದೆ. ಎಷ್ಟೋ ದೊಡ್ಡ ಚಿತ್ರಗಳು ಎಲ್ಲಿಯೂ ಸುಮ್ಮನಿರುವುದಿಲ್ಲ ಎಂಬುದು ಆಗ ತಿಳಿಯಿತು.

ಕಳೆದ ಬೇಸಿಗೆಯ ರಜೆಗೆ ಎರಡು ಚಿತ್ರಗಳಿದ್ದವು. ಮೊದಲನೆಯದರಲ್ಲಿ ಬೆಕ್ಕುಗಳ ಊರು, ಮೋಡಗಳ ಮೇಲೆ ಹಾರುವ ಬಂಡಿಗಳು, ಅವುಗಳ ಓಟದ ಪಂದ್ಯ. ಬಣ್ಣ ಕಣ್ಣಿಗೆ ರಾಚುವಂತಿತ್ತು, ತಮಾಷೆಗೂ ಕೊರತೆಯಿಲ್ಲ, ಹಿಂದಿಯಲ್ಲಿತ್ತು. ಎರಡನೆಯದು ಉಪ್ಪಿನ ಬಯಲಿನ ಹುಡುಗಿಯೊಬ್ಬಳ ಕತೆ, ಯಾವುದೋ ದೂರದ ದೇಶದ್ದು. ಕೈಯಿಂದ ಬರೆದಂತೆ ಕಾಣುವ ಗೆರೆಗಳು. ತಾಯಿ ಒಂಟೆಗಳ ಸಾಲಿನೊಂದಿಗೆ ಉಪ್ಪು ಹೇರಿಕೊಂಡು ಹೊರಡುತ್ತಾಳೆ, ಮಗಳು ಸೋದರತ್ತೆಯ ಮನೆಯಲ್ಲಿ ಉಳಿಯಬೇಕು. ನಾವು ನೋಡಿದಾಗ ಅದು ಮೂಲ ಭಾಷೆಯಲ್ಲೇ ಇತ್ತು, ಕೆಳಗೆ ಇಂಗ್ಲಿಷಿನ ಸಾಲುಗಳು.

ಹೊರಡುವ ದಿನದ ದೃಶ್ಯ ಒಂದಿದೆ. ತಾಯಿ ನಮಗೂ ಮಗಳಿಗೂ ಬೆನ್ನು ಮಾಡಿ ಒಂಟೆಯ ಮೇಲಿನ ಹೇರಿಗೆ ಹಗ್ಗ ಬಿಗಿಯುತ್ತಿದ್ದಾಳೆ. ಗಂಟು ಜಾರುತ್ತದೆ. ಮತ್ತೆ ಹಾಕುತ್ತಾಳೆ, ಮತ್ತೆ ಜಾರುತ್ತದೆ. ಇಡೀ ಬದುಕು ಅದೇ ಗಂಟು ಹಾಕಿದ ಕೈ. ಸಂಗೀತ ಇಲ್ಲ, ಮಾತು ಇಲ್ಲ, ಗಾಳಿಯ ಸದ್ದು ಮಾತ್ರ. ಮುಖ ಕಡೆಗೂ ಕಾಣುವುದಿಲ್ಲ. ಅಂದು ಜೋಶಿ ಸರ್ ಚಹಾಕ್ಕೆ ಹೋಗುವುದನ್ನು ಮರೆತಿದ್ದರು. ಟೀಚರ ಮಡಿಲಲ್ಲಿ ಪೊಟ್ಟಣ ಕಟ್ಟಿದ್ದಂತೆಯೇ ಇತ್ತು.

ಹೊರಗೆ ಬಂದ ಮೇಲೆ ಅವರು ಹೇಳಿದರು, "ಇದನ್ನ ತರಸೋಣ. ಇದಕ್ಕ ನಾ ಭಾಳ ಮಾತಾಡಬೇಕಾಗಿಲ್ಲ. ಅಲ್ಲಲ್ಲಿ ಒಂದೊಂದ ಮಾತು ಅಷ್ಟ."

ಅವರು ಬಸ್ಸು ಹತ್ತಿ ಹೋದ ಮರುದಿನ ಸುದ್ದಿ ಬಂತು. ಉಪ್ಪಿನ ಬಯಲಿನ ಚಿತ್ರವನ್ನು ಬೆಂಗಳೂರಿನಲ್ಲಿ ಕನ್ನಡಕ್ಕೆ ಡಬ್ ಮಾಡುತ್ತಿದ್ದಾರೆ, ನಮ್ಮ ಊರುಗಳಿಗೆ ಆ ಕನ್ನಡ ಪ್ರತಿಯನ್ನೇ ಕೊಡುತ್ತಾರೆ, ಇನ್ನು ಮುಂದೆ ಮಕ್ಕಳ ಚಿತ್ರಗಳೆಲ್ಲ ಬಹುತೇಕ ಹೀಗೆಯೇ ಬರುತ್ತವೆ ಎಂದು. ಜೋಶಿ ಸರ್ ಖುಷಿಯಾಗಿದ್ದರು. "ಇನ್ನ ಇಳಕಲ್ಲಿನ್ಯಾಗ ಆ ಮೈಕಿನ ಗದ್ದಲ ಯಾಕ ಬೇಕು?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕನ್ನಡದ ಮಕ್ಕಳು ಕನ್ನಡದಲ್ಲಿ ನೋಡುತ್ತವೆ, ಇದರಲ್ಲಿ ತಪ್ಪೇನು?

ಅಂದು ಮಧ್ಯಾಹ್ನವೇ ಇಮಾಮಸಾಬರು ಫೋನು ಮಾಡಿದರು.

"ಮೇಡಂ, ಆ ಬೆಕ್ಕಿನ ಸಿನಿಮಾನ ಛಲೋ ಐತಿ ಅಂತ ಬರೀರಿ."

"ಯಾಕ್ರಿ?"

"ಅದು ಹಿಂದಿಯಾಗ ಐತಿ. ಅಕ್ಕ ಮೈಕ್ ಹಿಡೀತಾಳ. ಕನ್ನಡದ್ದ ಹಾಕಿದೆ ಅಂದ್ರ ಆಕಿ ಕೈಯಾಗಿಂದು ನಾನ ಕಸಗೊಂಡಂಗ ಆಕ್ಕೈತಿ. ಸಾಲಿ ಬಿಟ್ಟ ಮ್ಯಾಲ ಆಕಿ ವಾರೆಲ್ಲ ಐತವಾರದ ಹಾದಿ ಕಾಯ್ತಾಳ್ರಿ."

"ಹಂಗಿದ್ರ ನೀವ ಬೆಕ್ಕಿಂದು ತರಸ್ರಿ. ಮಂದಿರ ನಿಮ್ಮದ."

"ನಾ ತರಿಸಿದ್ರ ಆಕಿ ಬಿಡ್ತಾಳೇನ? ಆ ಹುಡುಗಿ ಏನ್ ಬರದಾಳ, ತೋರಸು ಅಂತಾಳ. ನೀವ ಬರದೀರಿ ಅಂದ್ರ ನಂಬ್ತಾಳ. ಎರಡೂ ಗೊಂಬಿನ ಅಲ್ರಿ? ಯಾರಿಗೆ ಏನ್ ನಷ್ಟ?" ಎಂದರು.

ಆಲೋಚಿಸುತ್ತೇನೆ ಎಂದೆ. ಆ ವಾರವೆಲ್ಲ ಅದನ್ನೇ ಮಾಡಿದೆ. ಒಂದು ಪುಟ ಸ್ವಲ್ಪ ವಾಲಿದರೆ ಒಬ್ಬರ ರವಿವಾರ ಉಳಿಯುತ್ತದೆ. ಆದರೆ ಆ ಪುಟವನ್ನು ಅವರೇ ಓದುತ್ತಾರೆ. ಅವರು ನನ್ನ ಪಕ್ಕದಲ್ಲೇ ಕೂತು ಎರಡನ್ನೂ ನೋಡಿದ್ದಾರೆ. ನಾನು ಸುಳ್ಳು ಬರೆದಿದ್ದೇನೆಂದು ಅವರಿಗೆ ತಿಳಿಯುತ್ತದೆ, ಯಾಕೆಂದೂ ತಿಳಿಯುತ್ತದೆ. ಆಮೇಲೆ ಆ ಮೈಕನ್ನು ಅವರು ಯಾವ ಮನಸ್ಸಿನಿಂದ ಹಿಡಿಯಬೇಕು?

ಅಷ್ಟರಲ್ಲಿ ಕನ್ನಡದ ಪ್ರತಿ ಸಿದ್ಧವಾಯಿತು. ಕೆಲಸದ ರೀತಿ ಬದಲಾಗತೊಡಗಿದ್ದೂ ಆಗಲೇ. ನಮಗಾಗಿ ಇಡುತ್ತಿದ್ದ ಪ್ರದರ್ಶನಗಳನ್ನು ಒಂದೊಂದಾಗಿ ನಿಲ್ಲಿಸಿ, ನೋಡುವವರಿಗೆ ಕಂಪ್ಯೂಟರಿಗೆ ಒಂದು ಲಿಂಕ್ ಕಳಿಸುವುದು ಶುರುವಾಗಿತ್ತು. ಯಾರೂ ಕದಿಯಬಾರದೆಂದು ನೋಡುವವರ ಹೆಸರು ತೆರೆಯ ಮೇಲೆ ಅಡ್ಡಲಾಗಿ ಹಾದುಹೋಗುತ್ತಿರುತ್ತದೆ. ಆಫೀಸಿನ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ನೋಡಿದೆ. ಡಬ್ಬಿಂಗ್ ಒಳ್ಳೆಯದಿತ್ತು. ಶಾಲೆಯ ಪುಸ್ತಕದ ಶುದ್ಧ ಕನ್ನಡ, ದನಿಗಳೂ ಹಿತವಾಗಿದ್ದವು. ಹೊರಡುವ ದಿನದ ದೃಶ್ಯ ಬಂತು. ತಾಯಿ ಬೆನ್ನು ಮಾಡಿ ಹಗ್ಗ ಹಿಡಿದಳು. ಗಂಟು ಜಾರಿತು. ಆಗ ದನಿಯೊಂದು ಹೇಳಿತು, "ಮಗಳೇ, ನಾನು ಎಲ್ಲೇ ಇದ್ದರೂ ನಿನ್ನ ಜೊತೆಗೇ ಇರುತ್ತೇನೆ."

ಮೂಲದಲ್ಲಿ ಇಲ್ಲದ ಮಾತು. ಯಾಕೆ ಸೇರಿಸಿದ್ದಾರೆ ಎಂಬುದು ಕೂಡಲೇ ಅರ್ಥವಾಯಿತು. ಮುಖ ಕಾಣದ ಜಾಗದಲ್ಲಿ ತುಟಿಗೆ ಹೊಂದಿಸುವ ಕಷ್ಟವಿಲ್ಲ. ಡಬ್ ಮಾಡುವವರಿಗೆ ಬೆನ್ನು ಎಂದರೆ ಖಾಲಿ ಜಾಗ. ನನ್ನ ಹೆಸರು ನಿಧಾನವಾಗಿ ಆ ತಾಯಿಯ ಬೆನ್ನ ಮೇಲೆ ಹಾದುಹೋಯಿತು.

ಪುಟ ಬರೆದೆ. ಉಪ್ಪಿನ ಬಯಲಿನ ಚಿತ್ರವೇ ಮೇಲು, ಇಳಕಲ್ಲಿಗೆ ಅದೇ ಸರಿ. ಕನ್ನಡ ಪ್ರತಿ ಚೆನ್ನಾಗಿದೆ, ಒಂದು ಕಡೆ ಬಿಟ್ಟು. ಆ ಒಂದು ಕಡೆ ಯಾವುದು ಎಂದು ಬರೆಯಲಿಲ್ಲ. ಅದನ್ನು ಬಾಯಿಯಿಂದಲೇ ಹೇಳಬೇಕೆನಿಸಿ, ಪುಟವನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ.

ರಜಿಯಾ ಟೀಚರ್ ಮನೆಯ ಕಟ್ಟೆಯ ಮೇಲೆ ಕೂತು ಓದಿದರು. ಇಮಾಮಸಾಬರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು, ನನ್ನತ್ತ ನೋಡಲಿಲ್ಲ.

"ಕನ್ನಡದಾಗ ಬಂತೇನ?" ಎಂದರು ಟೀಚರ್.

"ಹೌದ್ರಿ. ಇನ್ನ ಮ್ಯಾಲೂ ಹಂಗ ಬರ್ತಾವಂತ."

"ಹುಡುಗ್ರಿಗೆ ತಿಳೀತದೇನ ಆ ಕನ್ನಡ?"

"ತಿಳೀತದ್ರಿ. ಸಾಲಿ ಪುಸ್ತಕದ ಕನ್ನಡ."

"ನಾನ ಕಲಿಸಿದ್ದು," ಎಂದು ಅವರು ಪುಟವನ್ನು ಮಡಿಚಿದರು. "ಹಂಗಾದ್ರ ನಾ ಯಾಕ ಬೇಕು? ಬೆಂಗಳೂರಾಕಿ ದನಿ ಕೂಡ ಮೈಕ್ ಹಿಡದು ಗುದ್ದಾಡಾಕ ಆಕ್ಕೈತೇನ?" ತಮ್ಮನತ್ತ ತಿರುಗಿ ಉರ್ದುವಿನಲ್ಲಿ ಏನೋ ಹೇಳಿ, ಮತ್ತೆ ಕನ್ನಡಕ್ಕೆ ಬಂದರು, ನನಗೂ ಕೇಳಲೆಂದು. "ಮೈಕ್ ನೀ ಇಟ್ಕೋ. ಗಾಡಿ ನಂಬರ್ ಒದರಾಕ ಬೇಕಾಕ್ಕೈತಿ."

ಇಮಾಮಸಾಬರು, "ನಾ ಬೆಕ್ಕಿಂದು ತರಸಾಂವ ಇದ್ನಿ, ಅಕ್ಕಾ," ಎಂದರು.

"ಗೊತ್ತೈತಿ ಸುಮ್ಮಿರು. ನೀ ಫೋನ್ ಮಾಡಿದ್ದೂ ಗೊತ್ತೈತಿ. ಮನಿ ತುಂಬ ಕೇಳೂವಂಗ ಒದರ್ತಿ." ಆಮೇಲೆ ನನಗೆ, "ನೀ ಖರೇ ಬರದಿ. ಛಲೋ ಆತು," ಎಂದರು. ದನಿಯಲ್ಲಿ ಛಲೋ ಏನೂ ಇರಲಿಲ್ಲ. ಅವರು ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದರು. ಬಹಳ ಹೊತ್ತು ತೆಗೆದುಕೊಂಡರು.

ಲೋಟ ಕೆಳಗಿಟ್ಟು ನಾನು ಆ ಒಂದು ಕಡೆಯ ಬಗ್ಗೆ ಹೇಳಿದೆ.

"ಬೆನ್ನ ಮಾಡಿದಾಗ?" ಎಂದರು.

"ಹೌದ್ರಿ."

"ಗಂಟು ಜಾರೂವಾಗ?"

"ಅದ ಹೊತ್ತಿನ್ಯಾಗ."

ಅವರು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನನ್ನ ಬಸ್ಸಿನ ಹೊತ್ತಾಗಿತ್ತು.

ಮೊದಲ ರವಿವಾರದ ಆಟಕ್ಕೆ ನಾನು ಇಳಕಲ್ಲಿಗೆ ಹೋದೆ. ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ. ಮಂದಿರ ತುಂಬಿತ್ತು. ಟೀಚರ್ ಮೈಕ್ ಹಿಡಿದು ನಿಲ್ಲುತ್ತಿದ್ದ ಗೋಡೆಯ ಬದಿ ಖಾಲಿಯಿತ್ತು. ಒಳಗೆ ಬಂದ ಮಕ್ಕಳು ರೂಢಿಯಂತೆ ಅತ್ತ ನೋಡಿ ಕೂರುತ್ತಿದ್ದರು. ಅವರು ಬಂದಿಲ್ಲವೆಂದುಕೊಂಡೆ. ಆಟ ಶುರುವಾಗುವ ಹೊತ್ತಿಗೆ ಇಮಾಮಸಾಬರು ನನ್ನನ್ನು ಕರೆದು ಮೇಲಿನ ಕೋಣೆಗೆ ಕಳಿಸಿದರು. ಅಲ್ಲಿ ಯಂತ್ರ ನಡೆಸುವ ಬಸಣ್ಣ ನಿಂತಿದ್ದ. ಅವನ ಸ್ಟೂಲಿನ ಮೇಲೆ ಟೀಚರ್ ಕೂತಿದ್ದರು. ಎದುರಿಗೆ ಸದ್ದನ್ನು ಏರಿಳಿಸುವ ಗುಂಡಿ.

"ಮೂರು ದಿನಾ ಆತು, ಬಂದು ಇದನ್ನ ಕಲಿಯಾಕತ್ತಾರ," ಎಂದ ಬಸಣ್ಣ. "ನನಗ ಕೈ ಹಚ್ಚಾಕ ಬಿಡವಲ್ಲರು."

"ನಿನ್ನ ಕೈ ಒಮ್ಮಿಗೇ ತಿರುವ್ತೈತಿ," ಎಂದರು ಟೀಚರ್. "ಮೆಲ್ಲಕ ಇಳಸಬೇಕು. ಇಳಿಸಿದ್ದು ಯಾರಿಗೂ ಗೊತ್ತಾಗಬಾರದು."

ಸಣ್ಣ ಕಿಂಡಿಯಿಂದ ನಾನು ಕೆಳಗೆ ನೋಡಿದೆ. ಉಪ್ಪಿನ ಬಯಲು ಬಂತು, ಒಂಟೆಗಳು ಬಂದವು. ತಾಯಿ ತಿರುಗುವ ಮೊದಲೇ ಟೀಚರ ಬೆರಳು ಗುಂಡಿಯ ಮೇಲಿತ್ತು. ಗಾಳಿಯ ಸದ್ದು ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ನಿಂತಿತು. ಬೆಂಗಳೂರಿನ ದನಿ ಎಲ್ಲೋ ಮಾತಾಡಿರಬೇಕು, ಯಾರಿಗೂ ಕೇಳಲಿಲ್ಲ. ಮಂದಿರದಲ್ಲಿ ಫ್ಯಾನುಗಳ ಸದ್ದು ಮಾತ್ರ. ತೆರೆಯ ಮೇಲೆ ಗಂಟು ಜಾರಿತು.

"ಗಂಟು ಬರವಲ್ದು ಆಕಿಗೆ," ಎಂದಿತು ಮುಂದಿನ ಸಾಲಿನಿಂದ ಒಂದು ಮಗು.

ಮತ್ತೆ ಜಾರಿತು.

"ಅಳಾಕತ್ತಾಳಲೇ," ಎಂದಿತು ಇನ್ನೊಂದು, ಮೆಲ್ಲಗೆ.

ಟೀಚರ್ ಗುಂಡಿಯನ್ನು ಮರಳಿ ತಿರುಗಿಸಿದರು. ಗಾಳಿ ಬಂತು, ಒಂಟೆಯ ಗಂಟೆಗಳು ಕೇಳಿಸಿದವು.

ಕೆಲವು ದಿನಗಳ ಮೇಲೆ ಜೋಶಿ ಸರ್, "ಇಳಕಲ್ಲಿನ್ಯಾಗ ನಡುವ ಸೌಂಡ್ ಹೋಗ್ತದಂತಲ್ಲ?" ಎಂದು ಕೇಳಿದರು.

"ಮತ್ತ ಬರ್ತದ್ರಿ," ಎಂದೆ. ಅವರು ಚಹಾಕ್ಕೆ ಹೋದರು.

ಆ ವರ್ಷದ ಕೊನೆಗೆ ನಮಗಾಗಿ ಇಡುತ್ತಿದ್ದ ಪ್ರದರ್ಶನಗಳು ಪೂರ್ತಿ ನಿಂತು, ಎಲ್ಲವೂ ಲಿಂಕಿಗೆ ಬಂದವು. ನಾನು ಪಾಠ ಹೇಳುವ ಕೆಲಸಕ್ಕೆ ಹೋದೆ. ಏನು ನೋಡಬೇಕು ಎಂದು ಕೇಳಿದ್ದೆಯಲ್ಲ, ತಂಗಿ: ಒಬ್ಬಳೇ ಕೂತು ನೋಡಿದ ಮೇಲೆ ಪುಟ ಬರೆಯುವ ಮುಂಚೆ ಒಂದು ರವಿವಾರ ಇಳಕಲ್ಲಿಗೆ ಹೋಗಿ ಬಾ. ಕೆಳಗೆ ಕೂರಬೇಡ, ಮೇಲಿನ ಕೋಣೆಗೆ ಹೋಗು. ಬಸಣ್ಣ ನಿಂತೇ ಇರುತ್ತಾನೆ. ಸ್ಟೂಲಿನ ಮೇಲೆ ಕೂತವರು ನಿನ್ನೊಂದಿಗೆ ಹೆಚ್ಚು ಮಾತಾಡದಿದ್ದರೆ ಬೇಸರ ಮಾಡಿಕೊಳ್ಳಬೇಡ. ಅವರ ಬೆರಳು ಎಲ್ಲಿ ಗುಂಡಿಯ ಮೇಲೆ ಹೋಗುತ್ತದೆ ಎಂಬುದನ್ನು ನೋಡುತ್ತಿರು.